ಎಚ್ಚರಿಕೆ ಗಂಟೆಯ ನಿಯಮವನ್ನು ಹುಡುಕಿ ತರುವ ಎಐ ಸಹಾಯಕ

ವಿದ್ಯಾರ್ಥಿಗಳೇ, ತಾರಮಂಗಲಂನಿಂದ ಬಹಳ ದೂರವಿಲ್ಲದ ಮೆಟ್ಟೂರು ಅಣೆಕಟ್ಟನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. 1934ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯದ ಪೂರ್ಣ ಮಟ್ಟ 120 ಅಡಿ. ಮಳೆಗಾಲದಲ್ಲಿ ನೀರು ಆ ಮಟ್ಟಕ್ಕೆ ಬಂದು, ಹೆಚ್ಚುವರಿ ನೀರು ಬಿಡಬೇಕಾದಾಗ ಕೆಳಗಿನ ದಡದ ಜನರಿಗೆ ಎಚ್ಚರಿಕೆ ಕೊಡುತ್ತಾರೆ. ಧರ್ಮಪುರಿ ಜಿಲ್ಲೆಯ ಹೊಗೇನಕಲ್‌ನಲ್ಲಿ ನೀರು ರಭಸವಾಗಿ ಬಂದರೆ ಹರಿಗೋಲು ನಿಲ್ಲಿಸುತ್ತಾರೆ.

ಇಲ್ಲಿ ಮೂರು ವಿಷಯ ಗಮನಿಸಿ. ಏನನ್ನು ಅಳೆಯಬೇಕು? ಎಷ್ಟು ದಾಟಿದರೆ ಅಪಾಯ? ಆಗ ಯಾರಿಗೆ ಹೇಳಬೇಕು? ಈ ಮೂರೂ ಸೇರಿದರೆ ಅದೇ ಒಂದು ‘ಎಚ್ಚರಿಕೆ ನಿಯಮ’.

ಆ್ಯಪ್‌ಗಳಿಗೂ ಅಳತೆಗೋಲು

ಫೋನಿನಲ್ಲಿ ನಾವು ರೈಲು ಟಿಕೆಟ್ ತೆಗೀತೀವಿ, ಹಣ ಕಳಿಸ್ತೀವಿ. ಆ ಕೆಲಸ ನಡೆಯೋದು ದೂರದಲ್ಲಿರುವ ಸರ್ವರ್ ಎಂಬ ಕಂಪ್ಯೂಟರ್‌ಗಳಲ್ಲಿ. ಅಲ್ಲಿಗೂ ಪ್ರವಾಹ ಬರುತ್ತೆ, ಆದರೆ ಅದು ಜನರ ಪ್ರವಾಹ. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ ‘ಬಿಗ್ ಬಿಲಿಯನ್ ಡೇ’ ಎಂಬ ಮಾರಾಟ ನಡೆಸಿತು. ನಿರೀಕ್ಷೆ ಮೀರಿ ಜನ ಬಂದರು, ಜಾಲತಾಣ ತಡವರಿಸಿತು. ಮರುದಿನ ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದರು.

ಅದಕ್ಕೇ ಇಂಜಿನಿಯರ್‌ಗಳು ಸರ್ವರ್‌ಗಳನ್ನು ಸದಾ ಅಳೆಯುತ್ತಿರುತ್ತಾರೆ: ಉತ್ತರ ಕೊಡಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ವಿನಂತಿ ವಿಫಲವಾಯಿತು, ಮೆಮೊರಿ ಎಷ್ಟು ತುಂಬಿದೆ ಎಂದು. 2012ರಲ್ಲಿ ಶುರುವಾದ ಪ್ರೊಮಿಥಿಯಸ್ ಇಂಥ ಅಳತೆಗೆ ಬಳಸುವ ಒಂದು ಮುಕ್ತ ತಂತ್ರಾಂಶ.

ಅದಕ್ಕೆ ಬರೆದಿಡುವ ನಿಯಮ ಹೀಗಿರಬಹುದು: “100 ವಿನಂತಿಗಳಲ್ಲಿ 5ಕ್ಕಿಂತ ಹೆಚ್ಚು ವಿಫಲವಾಗಿ, ಅದೇ ಸ್ಥಿತಿ 5 ನಿಮಿಷ ಮುಂದುವರಿದರೆ, ಪಾಳಿಯಲ್ಲಿರುವ ಇಂಜಿನಿಯರ್‌ಗೆ ಫೋನ್ ಮಾಡು.” 5 ನಿಮಿಷ ಯಾಕೆ ಗೊತ್ತಾ? ಒಂದು ಅಲೆ ಬಂದು ಅಳತೆಗೋಲಿಗೆ ಬಡಿದ ಮಾತ್ರಕ್ಕೆ ನದಿ ಏರಿತು ಅನ್ನೋಕಾಗುತ್ತಾ? ಹಾಗೇ ಇದೂ. ಸುಮ್ಮಸುಮ್ಮನೆ ಗಂಟೆ ಹೊಡೆದರೆ, ನಿಜವಾದ ಗಂಟೆಗೂ ಯಾರೂ ಏಳೋದಿಲ್ಲ.

ಏಜೆಂಟ್ ಏನು ಮಾಡುತ್ತೆ?

ದೊಡ್ಡ ಕಂಪನಿಯಲ್ಲಿ ಇಂಥ ನಿಯಮಗಳು ನೂರಾರು. ರಾತ್ರಿ 2 ಗಂಟೆಗೆ ಫೋನ್ ಬಂದಾಗ ನಿದ್ದೆಗಣ್ಣಿನಲ್ಲಿ ಅವನ್ನೆಲ್ಲ ಹುಡುಕುವುದು ಕಷ್ಟ. “ಈ ಗಂಟೆ ಯಾಕೆ ಹೊಡೀತು?” ಎಂದು ಎಐಯನ್ನು ಕೇಳಬಹುದು. ಆದರೆ ಆ ಕಂಪನಿ ಯಾವ ನಿಯಮ ಬರೆದಿಟ್ಟಿದೆ ಎಂದು ಎಐಗೆ ಗೊತ್ತಿರೋದಿಲ್ಲ. ಸುಮ್ಮನೆ ಕೇಳಿದರೆ ಅದು ಊಹಿಸಿ, ನಂಬುವಂತೆ ಹೇಳಿಬಿಡಬಹುದು. ಆದ್ದರಿಂದ ಅದರ ಕೈಗೆ ಒಂದು ‘ಸಾಧನ’ ಕೊಡುತ್ತಾರೆ. ಕೆಲಸ ಹೀಗೆ ನಡೆಯುತ್ತೆ:

1. ಎಐ ಪ್ರಶ್ನೆ ಓದಿ, ಯಾವ ಸಾಧನ ಬೇಕು, ಯಾವ ನಿಯಮ ಬೇಕು ಎಂದು ಒಂದು ಚೀಟಿ ಬರೆದಂತೆ ಬರೆಯುತ್ತೆ.
2. ಬೇರೊಂದು ಸಾಮಾನ್ಯ ಪ್ರೋಗ್ರಾಂ ಆ ಚೀಟಿ ಹಿಡಿದು, ಅನುಮತಿ ಇದೆಯಾ ನೋಡಿ, ನಿಯಮವನ್ನು ಹಾಗೇ ತರುತ್ತೆ.
3. ಎಐ ಅದನ್ನು ಓದಿ ಸರಳವಾಗಿ ವಿವರಿಸುತ್ತೆ.

ಎಐಗೂ ಸಾಧನಗಳಿಗೂ ನಡುವಿನ ಈ ಚೀಟಿ ಹೇಗಿರಬೇಕು ಎಂಬುದಕ್ಕೆ ಆಂಥ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ಮಾನದಂಡ ಪ್ರಕಟಿಸಿತು. ಅಳತೆಗಳನ್ನು ಚಿತ್ರವಾಗಿ ತೋರಿಸುವ ಗ್ರಫಾನಾ ತಂತ್ರಾಂಶಕ್ಕೂ ಈ ಮಾನದಂಡದ ಸಾಧನಗಳಿವೆ. ಎಚ್ಚರಿಕೆ ನಿಯಮ ತರುವುದು ಅವುಗಳಲ್ಲೊಂದು.

ಎಲ್ಲಿ ಎಡವಬಹುದು?

ಸಾಧನ “ಏನೂ ಸಿಗಲಿಲ್ಲ” ಅಂದರೆ ನಿಯಮವೇ ಇಲ್ಲ ಎಂದರ್ಥವಲ್ಲ. ಅನುಮತಿ ಇಲ್ಲದಿರಬಹುದು, ಪಟ್ಟಿಯ ಮೊದಲ ಪುಟ ಮಾತ್ರ ಬಂದಿರಬಹುದು. ನಿಯಮ ಇದ್ದರೂ ಯಾರೋ ಅದರ ಗಂಟೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿರಬಹುದು. ಇವನ್ನೂ ನೋಡಿಯೇ ಉತ್ತರ ಹೇಳಬೇಕು. ಇನ್ನೊಂದು ಮಾತು: ನಿಯಮ ಓದುವ ಅನುಮತಿಯೇ ಬೇರೆ, ತಿದ್ದುವ ಅನುಮತಿಯೇ ಬೇರೆ. ಓದಲು ಮಾತ್ರ ಬಿಟ್ಟರೆ ಎಐ ತಪ್ಪಾಗಿ ಅರ್ಥ ಮಾಡಿಕೊಂಡರೂ ಗಂಟೆ ಮಾತ್ರ ಕೆಡುವುದಿಲ್ಲ. 5 ಇರುವ ಕಡೆ ಅದು 50 ಎಂದು ಬರೆದುಬಿಟ್ಟರೆ? ಸರ್ವರ್ ಮುಳುಗುತ್ತಿದ್ದರೂ ಗಂಟೆ ಸುಮ್ಮನಿರುತ್ತೆ. ತಿದ್ದುವ ತೀರ್ಮಾನ ಮನುಷ್ಯರ ಕೈಯಲ್ಲೇ ಇರಲಿ.

ನೀವೇ ಮಾಡಿ ನೋಡಿ

ಶಾಲೆಯ ನೀರಿನ ತೊಟ್ಟಿಗೆ ಒಂದು ಎಚ್ಚರಿಕೆ ನಿಯಮ ಬರೆಯಿರಿ: ಏನು ಅಳೆಯಬೇಕು, ಎಷ್ಟಾದರೆ, ಎಷ್ಟು ಹೊತ್ತು ಹಾಗಿದ್ದರೆ, ಯಾರಿಗೆ ಹೇಳಬೇಕು. ಅದನ್ನು ತೋರಿಸದೆ, ನಿಯಮ ಏನೆಂದು ಗೆಳೆಯರನ್ನು ಕೇಳಿ. ಆಮೇಲೆ ಪುಸ್ತಕ ಕೊಟ್ಟು ಕೇಳಿ. ಊಹೆಗೂ ನೋಡಿ ಹೇಳುವುದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತೆ.

ಯೋಚಿಸಿ: ನಡುರಾತ್ರಿ 10 ವಿನಂತಿ ಮಾತ್ರ ಬಂದು, ಅದರಲ್ಲಿ 1 ವಿಫಲವಾದರೆ ಶೇಕಡಾ 10 ಆಯಿತು. ಆ ಒಂದಕ್ಕಾಗಿ ಇಂಜಿನಿಯರ್‌ನ ಎಬ್ಬಿಸಬೇಕಾ? ಹಾಗಾಗದಿರಲು ನಿಯಮಕ್ಕೆ ಇನ್ನೇನು ಸೇರಿಸುತ್ತೀರಿ?