ಹುಕ್ಕಾದ ಬುಡಕ್ಕೆ ಬಲ್ಬು ಬಂದ ಕತೆ

ಲಂಡನ್ನಿನ ಹರಾಜು ಮನೆಗಳ ಪಟ್ಟಿ ತಿರುವಿದರೆ ಬಿದರಿ ಕೆಲಸದ ಹುಕ್ಕಾ ಬುಡಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಕಪ್ಪು ಮೈ, ಮೈತುಂಬ ಬೆಳ್ಳಿಯ ಹೂಬಳ್ಳಿ. ಕೆಲವುಗಳ ವಿವರಣೆಯ ಕೊನೆಗೆ ಒಂದು ಪುಟ್ಟ ಸೇರ್ಪಡೆ ಇರುತ್ತದೆ: ಮುಂದೆ ಇದನ್ನು ದೀಪವಾಗಿ ಮಾರ್ಪಡಿಸಲಾಗಿದೆ. ಅಂದರೆ ಚಿಲುಮೆ, ಕೊಳವೆ ಕೂರುತ್ತಿದ್ದ ಬಾಯಿಗೆ ಹಿತ್ತಾಳೆಯ ಹೋಲ್ಡರ್ ಬಂದಿದೆ. ವೈರು ಹಾಯಿಸಲು ತಳದಲ್ಲೋ ಪಕ್ಕದಲ್ಲೋ ತೂತು ಬಿದ್ದಿದೆ. ಮೇಲೊಂದು ರೇಷ್ಮೆಯ ಶೇಡು ಕುಳಿತಿದೆ. ತಂಬಾಕಿಗೆಂದು ಹುಟ್ಟಿದ ವಸ್ತು ಯಾರದೋ ಓದುವ ಮೇಜಿನ ಮೇಲೆ ಬೆಳಕು ಕೊಡುತ್ತ ನಿಂತಿದೆ.

ಇಂಥ ಗತಿ ಬಿದರಿಯೊಂದಕ್ಕೇ ಬಂದದ್ದಲ್ಲ. ಚೀನಾದ ಪಿಂಗಾಣಿ ಹೂದಾನಿಗಳು ಯುರೋಪಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ದೀಪಗಳಾದವು. 1757ರಿಂದ 1842ರವರೆಗೆ ಚೀನಾದೊಡನೆ ಯುರೋಪಿಯನ್ನರು ಸಮುದ್ರ ವ್ಯಾಪಾರ ಮಾಡಲು ಇದ್ದ ಬಾಗಿಲು ಕ್ಯಾಂಟನ್ ಒಂದೇ, ಈಗಿನ ಗುವಾಂಗ್‌ಝೌ. ಅಲ್ಲಿನ ಬಡಗಿಗಳು, ಲ್ಯಾಕರ್ ಕೆಲಸದವರು ಗಿರಾಕಿಯ ರುಚಿ ನೋಡಿಯೇ ಸರಕು ಮಾಡುತ್ತಿದ್ದರು. ಇಂಗ್ಲಿಷ್ ಹೆಂಗಸರಿಗೆ ಬೇಕಾದ ಹೊಲಿಗೆ ಮೇಜು, ಒಂದರೊಳಗೊಂದು ಸೇರಿಕೊಳ್ಳುವ ಸಣ್ಣ ಮೇಜುಗಳು, ಹಿತ್ತಾಳೆಯ ಮೂಲೆಕಟ್ಟಿನ ಕರ್ಪೂರಮರದ ಪೆಟ್ಟಿಗೆ, ಕಪ್ಪು ಹಿನ್ನೆಲೆಯ ಮೇಲೆ ಚಿನ್ನದ ಚಿತ್ರವಿರುವ ಮಡಿಕೆಯ ತೆರೆ. ಚೀನಾದ ಲ್ಯಾಕರ್ ತೆರೆಗಳಲ್ಲಿ ಎಷ್ಟೋ ನಮ್ಮ ಕೋರಮಂಡಲ ಕರಾವಳಿಯ ಬಂದರುಗಳನ್ನು ಹಾಯ್ದು ಹೋದವು. ಹಾಗಾಗಿ ಯುರೋಪು ಇಂದಿಗೂ ಅವುಗಳನ್ನು ಕೋರಮಂಡಲ ತೆರೆಗಳೆಂದೇ ಕರೆಯುತ್ತದೆ. ಒಂದನ್ನೂ ಇಲ್ಲಿ ಮಾಡಿದ್ದಲ್ಲ!

ಬಿದರಿಯ ತವರಾದ ಬೀದರಿನ ಕತೆ ಬೇರೆ. ಇಲ್ಲಿನ ಕಾರೀಗರರು ಮೊದಲು ದುಡಿದದ್ದು ದೂರದೇಶದ ಗಿರಾಕಿಗಲ್ಲ, ದಖ್ಖನಿನ ದರ್ಬಾರಿಗೆ, ಜಹಗೀರುದಾರರ ದಿವಾನಖಾನೆಗೆ. ಹುಕ್ಕಾ, ಪಾನದಾನ, ಉಗುಳುದಾನಿ, ಸುರಾಹಿ, ಮೇಣದ ಬತ್ತಿಯ ಶಮಾದಾನ, ಇವೆಲ್ಲ ನೆಲದ ಮೇಲೆ ಜಮಖಾನ ಹಾಸಿ ಕೂರುವ ಮನೆಯ ಸಾಮಾನುಗಳು. ಕುರ್ಚಿ, ಮೇಜು ಇಲ್ಲದ ಕೋಣೆಯಲ್ಲಿ ಇವೇ ಪೀಠೋಪಕರಣ ಅನ್ನಬಹುದು.

ಬೀದರ್ ಜಿಲ್ಲೆಯ ಹುಡಗಿ, ಹುಮನಾಬಾದ್, ಬಸವಕಲ್ಯಾಣದ ಕಡೆಯವರಿಗೆ ಬಿದರಿ ಹೊಸ ಮಾತಲ್ಲ. ಜಿಲ್ಲಾ ಕೇಂದ್ರಕ್ಕೆ ಕೋರ್ಟು ಕಚೇರಿಯ ಕೆಲಸಕ್ಕೆ ಹೋದವರು ಚೌಬಾರಾ ಗೋಪುರದ ಆಸುಪಾಸಿನಲ್ಲಿ ಸುತ್ತಿಗೆಯ ಟಕಟಕ ಕೇಳಿರುತ್ತಾರೆ. ಆದರೆ ಅಂಗಡಿಯ ಗಾಜಿನ ಹಿಂದಿನ ತಟ್ಟೆ ನೋಡಿ ಬರುವುದು ಬೇರೆ, ಅದು ಹುಟ್ಟುವುದನ್ನು ನೋಡುವುದು ಬೇರೆ.

ಎರಕಕ್ಕೆ ಬೇಕಾದ್ದು ಸತು ಮತ್ತು ತಾಮ್ರ, ಸುಮಾರು 16 ಪಾಲಿಗೆ 1 ಪಾಲು. ಮಣ್ಣು, ರಾಳ, ಹರಳೆಣ್ಣೆ ಕಲಸಿದ ಅಚ್ಚಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಆರಿ ಹೊರಬಂದಾಗ ಅದು ಬೂದುಬಣ್ಣದ, ಒರಟಾದ, ನೋಡಲು ಏನೇನೂ ಚಂದವಿಲ್ಲದ ವಸ್ತು. ಅರ ಹಾಕಿ ತಿಕ್ಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಕಾರೀಗರ ಮೊನೆಯಿಂದ ಹೂವು, ಎಲೆ, ಬಳ್ಳಿ ಗೀರುತ್ತಾನೆ, ಬಹುಮಟ್ಟಿಗೆ ಕೈವಾಕಿನಿಂದಲೇ. ನಂತರ ಉಳಿ ಹಿಡಿದು ಆ ಗೀರನ್ನು ಕಾಲುವೆ ಮಾಡುತ್ತಾನೆ. ಕಾಲುವೆಗೆ ಬೆಳ್ಳಿಯ ತಂತಿ ಇಟ್ಟು ಬಡಿದರೆ ತಾರಕಶಿ. ಹೂವಿನ ಆಕಾರಕ್ಕೆ ಕತ್ತರಿಸಿದ ಬೆಳ್ಳಿಯ ತಗಡನ್ನು ಕೂರಿಸಿದರೆ ತೆಹನಿಶಾನ್. ಅಂಟಿಲ್ಲ, ಬೆಸುಗೆಯಿಲ್ಲ. ಬಡಿತಕ್ಕೆ ಅರಳಿದ ಬೆಳ್ಳಿ ಕಾಲುವೆಯ ಅಂಚನ್ನು ಕಚ್ಚಿಕೊಳ್ಳುತ್ತದೆ, ಅಷ್ಟೇ.

ಇಷ್ಟಾದಮೇಲೂ ಬಿದರಿ ಬಿದರಿಯಾಗಿರುವುದಿಲ್ಲ. ಉಜ್ಜಿ ಹೊಳಪು ಕೊಟ್ಟ ಮೇಲೆ ಬೆಳ್ಳಿಗೂ ಸತುವಿಗೂ ಮೇಲ್ನೋಟಕ್ಕೆ ವ್ಯತ್ಯಾಸವೇ ತಿಳಿಯದು. ಆಗ ಬರುವುದು ಕೋಟೆಯ ಮಣ್ಣು. ಬೀದರ್ ಕೋಟೆಯ ಹಳೆಯ ಕಟ್ಟಡಗಳಲ್ಲಿ ನೂರಾರು ವರ್ಷ ಬಿಸಿಲು, ಮಳೆ ಕಾಣದೆ ಉಳಿದ ಮಣ್ಣು ಅದು. ಕಾರೀಗರರು ಅದನ್ನು ನಾಲಿಗೆಗಿಟ್ಟು ನೋಡಿ ಆರಿಸುತ್ತಾರೆ. ಮಣ್ಣಿಗೆ ನವಸಾಗರ, ನೀರು ಬೆರೆಸಿ ಕಾಯಿಸಿ, ಬಿಸಿ ಮಾಡಿದ ವಸ್ತುವಿನ ಮೈಗೆ ತಿಕ್ಕಿದರೆ ಎರಕದ ಲೋಹ ಗಾಢ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ತೊಳೆದು ಎಣ್ಣೆ ಸವರುವ ಹೊತ್ತಿಗೆ ಆ ಬೂದು ಮುದ್ದೆ ಗುರುತೇ ಸಿಗದಂತೆ ಬದಲಾಗಿರುತ್ತದೆ.

ಕಪ್ಪಿನ ಮೇಲೆ ಬಿಳಿಹೊಳಪು ಬೀದರಿಗೆ ಮೊದಲಿನಿಂದಲೂ ಪ್ರಿಯ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಗಲ್ಲಿನ ಬಾಗಿಲ ಚೌಕಟ್ಟಿಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಷಾ ಈ ಮಹಲಿಗೆ ಈಗಿನ ರೂಪ ಕೊಟ್ಟವನು. ಇಂಥ ಕೋಣೆ ಹಗಲಿನ ಬಿಸಿಲಿಗಿಂತ ಸಂಜೆಯ ಎಣ್ಣೆದೀಪಕ್ಕೆ ಹೇಳಿಮಾಡಿಸಿದ್ದು. ಜ್ವಾಲೆ ಅಲ್ಲಾಡಿದಂತೆ ಚಿಪ್ಪು ಬಣ್ಣ ಬದಲಿಸುತ್ತದೆ. ಚೀನಾದ ಕುಶಲಿಗಳೂ ಕಪ್ಪು ಲ್ಯಾಕರಿನೊಳಗೆ ಚಿಪ್ಪು ಕೂರಿಸಿ ಇದೇ ಆಟ ಆಡಿದವರು. ಅವರ ಲ್ಯಾಕರ್ ಒಂದು ಜಾತಿಯ ಮರದ ಹಾಲು. ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗು ಕೀಟದಿಂದ ಬರುವಂಥದ್ದು. ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ.

ತಂಬಾಕು ದಖ್ಖನಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. 17ನೇ ಶತಮಾನದಲ್ಲಿ ಹುಕ್ಕಾ ಸೇದುವುದು ದೊಡ್ಡವರ ಮನೆಯ ರಿವಾಜಾಯಿತು, ಬಿದರಿಗೂ ದೊಡ್ಡ ಕೆಲಸ ಸಿಕ್ಕಿತು. ಮೊದಲಿನ ಬುಡಗಳು ಚೆಂಡಿನಂತೆ ಗುಂಡಗೆ, ಕೆಳಗೊಂದು ಸಿಂಬಿ ಇಟ್ಟು ನಿಲ್ಲಿಸಬೇಕಿತ್ತು. 18ನೇ ಶತಮಾನದ ನಡುಭಾಗದಿಂದ ತಳ ಚಪ್ಪಟೆಯಾದ, ಗಂಟೆಯಾಕಾರದವು ಹೆಚ್ಚಿದವು. ದೀಪವಾಗಲು ಒದಗಿಬಂದದ್ದು ಮುಖ್ಯವಾಗಿ ಈ ಎರಡನೆಯ ಜಾತಿ: ಮೇಜಿನ ಮೇಲೆ ತಾನಾಗಿ ನಿಲ್ಲುತ್ತದೆ, ಭಾರವಿದೆ, ಬೀಳುವುದಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಸಾಹೇಬರೂ ಹುಕ್ಕಾಕ್ಕೆ ಮನಸೋತರು. ಅದನ್ನು ಅಣಿಮಾಡಿ ಕೊಡಲೆಂದೇ ಹುಕ್ಕಾಬರ್ದಾರ ಎಂಬ ಆಳು ಇರುತ್ತಿದ್ದ. 19ನೇ ಶತಮಾನ ಸರಿದಂತೆ ಚುಟ್ಟಾ ಬಂದು ಹುಕ್ಕಾ ಮೂಲೆ ಸೇರಿತು. ಊರಿಗೆ ಮರಳಿದ ಸಾಹೇಬರು ಬುಡವನ್ನು ಮಾತ್ರ ಬಿಟ್ಟುಹೋಗಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲೂ ಬಿದರಿ ಕಾಣಿಸಿಕೊಂಡಿತು. ಇಂದು ಆ ನಗರದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇದರ ದೊಡ್ಡ ಸಂಗ್ರಹವೇ ಇದೆ. ಅಲ್ಲಿರುವುದೆಲ್ಲ ಬೀದರಿನದೇ ಅಲ್ಲ, ಲಖನೌ, ಪೂರ್ಣಿಯಾ, ಮುರ್ಷಿದಾಬಾದಿನಲ್ಲೂ ಈ ಕೆಲಸ ನಡೆಯುತ್ತಿತ್ತು. ಸಂಗ್ರಹಾಲಯ ಸೇರದವು ಮನೆಗಳಲ್ಲಿ ಉಳಿದವು. ಹೊಗೆ ಬೇಡವಾದ ಮನೆಗೆ ವಿದ್ಯುತ್ತು ಬಂದಾಗ ಯಾರೋ ಬೈರಿಗೆ ತೆಗೆದುಕೊಂಡರು.

ತೂತು ಕೊರೆದವರನ್ನು ಬೈಯುವುದು ಸುಲಭ. ಹಳೆಯ ವಸ್ತುವಿನ ವ್ಯಾಪಾರಿಗಳೂ ತೂತಾದದ್ದಕ್ಕೆ ಬೆಲೆ ಇಳಿಸುತ್ತಾರೆ, ಚೀನೀ ಹೂದಾನಿಗೂ ಅದೇ ಲೆಕ್ಕ. ಆದರೆ ಸತು ಸುಮಾರು 420 ಡಿಗ್ರಿ ಶಾಖಕ್ಕೇ ಕರಗುವ ಲೋಹ. ಕೆಲಸಕ್ಕೆ ಬಾರದ ಬಿದರಿ ಗುಜರಿಗೆ ಹೋದರೆ, ಬೆಳ್ಳಿ ಕಿತ್ತುಕೊಂಡು ಉಳಿದದ್ದನ್ನು ಕರಗಿಸುವುದು ಕಷ್ಟವೇನಲ್ಲ. ಮೇಜಿನ ಮೇಲೆ ಬಲ್ಬು ಹೊತ್ತು ನಿಂತದ್ದು ಆ ಗತಿಯಿಂದ ಪಾರಾಯಿತು. ಶೇಡಿನ ಕೆಳಗಿಂದ ಇಳಿಯುವ ಬೆಳಕಿಗೆ ಬೆಳ್ಳಿಯ ಬಳ್ಳಿ ಮಿನುಗುವುದು ಚಂದವೇ ಎಂದೂ ಒಪ್ಪಿಕೊಳ್ಳಬೇಕು.

ಚೀನಾದ ಕೈಕೆಲಸ, ಬೀದರಿನ ಕೈಕೆಲಸ ಎರಡನ್ನೂ ಒಂದೇ ಸೂರಿನಡಿ ನೋಡುವ ಆಸೆಯಿದ್ದರೆ ಲಂಡನ್ನಿಗೆ ಹೋಗಬೇಕಿಲ್ಲ. ಹುಮನಾಬಾದಿನಿಂದ ಹೆದ್ದಾರಿ ಹಿಡಿದರೆ ಹೈದರಾಬಾದ್. ಅಲ್ಲಿ 1951ರಲ್ಲಿ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನಾದ ಪಿಂಗಾಣಿ, ಲ್ಯಾಕರ್ ಕೆಲಸದ ಜತೆಗೆ ಬಿದರಿಗೂ ಒಳ್ಳೆಯ ಜಾಗವಿದೆ. ಬೀದರ್ 1948ರವರೆಗೆ ಹೈದರಾಬಾದಿನ ನಿಜಾಮರ ಸೀಮೆಯೇ ಆಗಿತ್ತಲ್ಲ.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹಿರಿಯ ಕಲಾವಿದ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹುಕ್ಕಾ ಕೇಳುವವರು ಈಗ ಕಡಿಮೆ. ಹೂದಾನಿ, ಕಿವಿಯೋಲೆ, ಸನ್ಮಾನದ ಫಲಕ ಹೆಚ್ಚು ಖರ್ಚಾಗುತ್ತವೆ.

ಹಳೆಯ ಬಿದರಿ ಮನೆಯಲ್ಲೇ ಇರುವವರು ಎರಡು ಸಂಗತಿ ತಿಳಿದಿದ್ದರೆ ಒಳ್ಳೆಯದು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ಖಾಸಗಿಯಾಗಿ ವಿದೇಶಕ್ಕೆ ಕಳಿಸುವಂತಿಲ್ಲ. ಇನ್ನೊಂದು, ಹಬ್ಬಕ್ಕೆ ಹಿತ್ತಾಳೆ ಪಾತ್ರೆ ತಿಕ್ಕುವ ಹುಣಸೆಹಣ್ಣನ್ನು ಇದರ ಹತ್ತಿರ ತರಬಾರದು. ಹುಳಿ ಸತುವನ್ನು ತಿನ್ನುತ್ತದೆ, ಕಪ್ಪು ಹೋಗಿ ಬೂದು ಇಣುಕುತ್ತದೆ. ಮೆತ್ತನೆಯ ಬಟ್ಟೆಗೆ ತುಸು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು. ಆಗಲೇ ತಿಕ್ಕಿ ಕೆಡಿಸಿದ್ದರೆ ಬೀದರಿನ ಕಾರೀಗರರ ಬಳಿ ಒಯ್ಯಬಹುದು; ಕೋಟೆಯ ಮಣ್ಣು ಹಚ್ಚಿ ಮತ್ತೆ ಕಪ್ಪು ಮಾಡಿಕೊಡುವುದು ಅವರಿಗೆ ನಿತ್ಯದ ಕೆಲಸ.