ಅಂಗನವಾಡಿ ಪೊಟ್ಟಣಕ್ಕೆ ಹೊಣೆ ಯಾರು?

ಹೊಸದುರ್ಗ ತಾಲ್ಲೂಕಿನ ಮತ್ತೋಡು ಹೋಬಳಿಯಿರಲಿ, ಬೆಂಗಳೂರಿರಲಿ, ಅಂಗನವಾಡಿಗೆ ಬರುವ ಹಿಟ್ಟಿನ ಪೊಟ್ಟಣದ ಮೇಲೆ ತಯಾರಕರ ಹೆಸರು, ಬ್ಯಾಚ್ ನಂಬರು, ತಾರೀಕು ಮತ್ತು 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ಓದುವವರು ಕಡಿಮೆ. ಹಿಟ್ಟು ಡಬ್ಬಿಗೆ ಬಿದ್ದರೆ ಕವರ್ ಒಲೆಗೆ. ಆದರೆ ಮಗುವಿಗೆ ವಾಂತಿಭೇದಿ ಹತ್ತಿದ ದಿನ ಮೊದಲು ಬೇಕಾಗುವುದು ಆ ಕವರೇ.

ಮಕ್ಕಳ ಊಟದ ಕೆಲಸದಲ್ಲಿ ಖಾಸಗಿಯವರು ಇರಬೇಕೇ ಬೇಡವೇ ಎಂಬ ಜಗಳ ಹಳೆಯದು. 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ 'ಆಹಾರದ ಹಕ್ಕು' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್ 7ರಂದು, ಅಂಗನವಾಡಿ ಪೌಷ್ಟಿಕ ಆಹಾರ ಪೂರೈಕೆಗೆ ಗುತ್ತಿಗೆದಾರರು ಬೇಡ, ಹಳ್ಳಿಯ ಸ್ವಸಹಾಯ ಸಂಘ, ಮಹಿಳಾ ಮಂಡಳಿಗಳಿಗೆ ಕೊಡಿ ಎಂದಿತು. ಕರ್ನಾಟಕದಲ್ಲಿ ಆ ಕೆಲಸ ತಾಲ್ಲೂಕು ಮಟ್ಟದ ಎಂಎಸ್‌ಪಿಟಿಸಿ ಎಂಬ ಮಹಿಳಾ ಆಹಾರ ತಯಾರಿಕಾ ಕೇಂದ್ರಗಳ ಪಾಲಾಯಿತು. ಬೋರ್ಡಿನಲ್ಲಿ ಮಹಿಳೆಯರ ಹೆಸರು, ವ್ಯವಹಾರ ಖಾಸಗಿ ಕಂಪನಿಯದ್ದು ಎಂಬ ಆರೋಪ ಮಾತ್ರ ಬೆನ್ನು ಬಿಡಲಿಲ್ಲ. 2012ರಲ್ಲಿ, ಇದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಕಮಿಷನರುಗಳ ಕಡೆಯಿಂದ ಬಂದ ವರದಿಯಲ್ಲೂ ಕರ್ನಾಟಕದ ಈ ದೂರು ಇತ್ತು.

ಇಂಥ ಏರ್ಪಾಟಿನಲ್ಲಿ ತಪ್ಪಾದರೆ ಯಾರನ್ನು ಹಿಡಿಯುವುದು? ಇಲಾಖೆ ಗುತ್ತಿಗೆದಾರನತ್ತ ಕೈ ತೋರಿಸುತ್ತದೆ, ಗುತ್ತಿಗೆದಾರ ಅಡುಗೆಯವರತ್ತ.

ಕಾನೂನು ಇಷ್ಟು ಸಡಿಲವಾಗಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ 5ನೇ ಕಲಮಿನಲ್ಲಿ ಅಂಗನವಾಡಿ ಊಟವೂ ಬಿಸಿಯೂಟವೂ ಮಗುವಿನ ಹಕ್ಕು. ಕೆಲಸವನ್ನು ಟೆಂಡರಿನಲ್ಲಿ ಕೊಟ್ಟ ಮಾತ್ರಕ್ಕೆ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಒಡಿಶಾದ ಲಾಕಪ್ ಸಾವಿನ ನೀಲಬತಿ ಬೆಹೆರಾ ಪ್ರಕರಣದಲ್ಲಿ (1993) ಸುಪ್ರೀಂ ಕೋರ್ಟ್, ಜೀವಿಸುವ ಹಕ್ಕಿಗೆ ಧಕ್ಕೆಯಾದಾಗ ರಿಟ್ ಅರ್ಜಿಯಲ್ಲೇ ಸರ್ಕಾರದಿಂದ ಪರಿಹಾರ ಕೊಡಿಸಬಹುದು ಎಂದು ಹೇಳಿತ್ತು. ಬಿಸಿಯೂಟದ 2015ರ ನಿಯಮಗಳು ಇನ್ನೂ ನೇರ: ಊಟ ತಪ್ಪಿದ ದಿನದ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ರಾಜ್ಯ ಸರ್ಕಾರ ಮುಂದಿನ ತಿಂಗಳ 15ರೊಳಗೆ ಮಗುವಿಗೆ ಕೊಡಬೇಕು, ಊಟ ಕಳುಹಿಸದೇ ಇದ್ದದ್ದು ಕೇಂದ್ರೀಕೃತ ಅಡುಗೆಮನೆಯಾದರೆ ಆ ಭತ್ಯೆ ಅವರಿಂದಲೇ ವಸೂಲಾಗಬೇಕು. ಸತತ ಮೂರು ದಿನ, ಇಲ್ಲವೇ ತಿಂಗಳಲ್ಲಿ ಐದು ದಿನ ಊಟ ನಿಂತರೆ ಹೊಣೆಗಾರರು ಯಾರೆಂದು ಗುರುತಿಸಲೇಬೇಕು.

ಗುತ್ತಿಗೆದಾರನ ಕುತ್ತಿಗೆಗೆ ಬರುವುದು 2006ರ ಆಹಾರ ಸುರಕ್ಷತಾ ಕಾಯ್ದೆ. ಅಸುರಕ್ಷಿತ ಆಹಾರದಿಂದ ಸಾವಾದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆ, ಜೊತೆಗೆ ಕನಿಷ್ಠ 10 ಲಕ್ಷ ದಂಡ. ಕಂಪನಿಯಾದರೆ ಅದರ ಉಸ್ತುವಾರಿ ಹೊತ್ತವರೂ ಆರೋಪಿಗಳು. ಸಾವಿಗೆ ಕನಿಷ್ಠ 5 ಲಕ್ಷ, ತೀವ್ರ ಗಾಯಕ್ಕೆ 3 ಲಕ್ಷದವರೆಗೆ, ಉಳಿದ ತೊಂದರೆಗೆ 1 ಲಕ್ಷದವರೆಗೆ ಪರಿಹಾರ ಬೇರೆ. ಇಲಾಖೆ ಬಿಲ್ಲಿನಲ್ಲಿ ಮುರಿದುಕೊಳ್ಳುವ ದಂಡವನ್ನು ಇದರೊಂದಿಗೆ ಬೆರೆಸಬಾರದು. ಆ ಹಣ ಖಜಾನೆಗೆ ಹೋಗುತ್ತದೆ, ಮಗುವಿನ ಮನೆಗಲ್ಲ. 'ಕ್ರಮ ಕೈಗೊಂಡಿದ್ದೇವೆ' ಎಂಬ ಹೇಳಿಕೆ ಬಂದಾಗ ಯಾವ ಕ್ರಮ ಎಂದು ಕೇಳಬೇಕಾದದ್ದು ಇದಕ್ಕೇ.

ಬಿಹಾರದ ಗಂಡಾಮನ್ ಶಾಲೆಯಲ್ಲಿ 2013ರ ಜುಲೈ 16ರಂದು ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. 2016ರಲ್ಲಿ ಶಿಕ್ಷೆಯಾದದ್ದು ಮುಖ್ಯ ಶಿಕ್ಷಕಿಗೆ. ಜೊತೆಯಲ್ಲಿ ಆರೋಪಿಯಾಗಿದ್ದ ಪತಿ ಖುಲಾಸೆಯಾದರು. ಆ ಕೀಟನಾಶಕ ಎಲ್ಲಿಂದ, ಯಾರ ಕೈಯಿಂದ ಬಂತು ಎಂಬುದಕ್ಕೆ ಸಾಕ್ಷ್ಯ ಗಟ್ಟಿ ಇಲ್ಲದಿದ್ದರೆ ಕೇಸು ಶಾಲೆಯ ಗೇಟಿನಲ್ಲೇ ನಿಲ್ಲುತ್ತದೆ.

ಹಾಗಾಗಿ ಉಳಿದ ಊಟ, ಹರಿದ ಕವರು, ಆಸ್ಪತ್ರೆ ಚೀಟಿ ಮೂರನ್ನೂ ಎತ್ತಿಡಬೇಕು. ಸ್ಯಾಂಪಲ್ ತೆಗೆಯಲು ಆಹಾರ ಸುರಕ್ಷತಾ ಅಧಿಕಾರಿಗೆ ಬರೆದು ಕೊಡಬೇಕು. ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಕ್ಕಳಿಗೂ ಹೆಂಗಸರಿಗೂ ಉಚಿತ ನೆರವಿದೆ, ಆದಾಯದ ಮಿತಿ ಇಲ್ಲ. ಮತ್ತೋಡಿನವರು ಅರ್ಜಿ ಹಾಕಬೇಕಾದದ್ದು ಹೊಸದುರ್ಗ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ.