ಅಗಲವಾದ ಮಾನಿಟರಿನ ಜೋಡಣೆ

ಹಳೆಯ ವಿದ್ಯಾರ್ಥಿನಿಯರು ಪಾಠಶಾಲೆಗೆ ಪ್ರೀತಿಯಿಂದ ಕೊಟ್ಟ 34 ಅಂಗುಲದ ಮಾನಿಟರನ್ನು ನಾವು ಮೊದಲ ಸಲ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಅಕ್ಷರಗಳು ಮಸುಕಾಗಿಯೂ ಚಿತ್ರದಲ್ಲಿನ ಮುಖಗಳು ಅಗಲಕ್ಕೆ ಹಿಗ್ಗಿಯೂ ಕಂಡವು. ವಸ್ತುವಿನಲ್ಲಿಯೇ ದೋಷವುಂಟೆಂದೆಣಿಸಿ ಅದನ್ನು ಹಿಂದಿರುಗಿಸುವುದರಲ್ಲಿದ್ದೆವು. ವಿಚಾರಿಸಲಾಗಿ ತಪ್ಪು ನಮ್ಮದೆಂದು ತಿಳಿದುಬಂದಿತು.

ಸಾಧಾರಣ ಪರದೆಯ ಅಗಲವು ಎತ್ತರಕ್ಕೆ 16:9ರ ಪ್ರಮಾಣದಲ್ಲಿರುವುದು. ಇದರದು ಸುಮಾರು 21:9. ಇದರಲ್ಲಿ ಅಡ್ಡಲಾಗಿ 3440, ಮೇಲಿನಿಂದ ಕೆಳಕ್ಕೆ 1440 ಚುಕ್ಕೆಗಳುಂಟು. ಲ್ಯಾಪ್‌ಟಾಪು 1920 × 1080 ಚುಕ್ಕೆಗಳನ್ನು ಮಾತ್ರ ಕಳುಹಿಸಿದರೆ ಪರದೆಯು ಅವನ್ನೇ ಎಳೆದು ಹರಡುವುದು. ಆದಕಾರಣ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ 3440 × 1440 ಎಂಬುದನ್ನು ಆರಿಸತಕ್ಕದ್ದು.

ಅದು ಅಲ್ಲಿ ಕಾಣದಿದ್ದರೆ ಕೇಬಲನ್ನೂ ಪೋರ್ಟನ್ನೂ ಪರೀಕ್ಷಿಸಬೇಕು. ಹಳೆಯ ಎಚ್‌ಡಿಎಂಐ ಪೋರ್ಟುಗಳಲ್ಲಿ ಅನೇಕವು ಇಷ್ಟು ಚುಕ್ಕೆಗಳನ್ನು ಸೆಕೆಂಡಿಗೆ 60 ಸಲ ಸಾಗಿಸಲಾರವು, ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇದ್ದರೆ ಸಾಕು. ಯುಎಸ್‌ಬಿ-ಸಿ ಪೋರ್ಟುಗಳೆಲ್ಲವೂ ಚಿತ್ರವನ್ನು ಕಳುಹಿಸುವುದಿಲ್ಲವೆಂಬುದನ್ನೂ ಮರೆಯಬಾರದು.

ಬಳಿಕ ವಿಂಡೋಸ್ ಕೀಲಿಯೊಡನೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಎಂಬುದನ್ನು ಆರಿಸಿದೆವು. ಈಗ ಒಂದು ಪಕ್ಕದಲ್ಲಿ ಅಂಕಪಟ್ಟಿಯನ್ನೂ ಮತ್ತೊಂದು ಪಕ್ಕದಲ್ಲಿ ಪ್ರಗತಿಪತ್ರವನ್ನೂ ಒಟ್ಟಿಗೆ ನೋಡುತ್ತೇವೆ. ಒಬ್ಬಳ ಅಂಕವು ಇನ್ನೊಬ್ಬಳ ಹೆಸರಿಗೆ ಸೇರುವ ಭಯವು ತಗ್ಗಿದೆ.

ಪರೀಕ್ಷಿಸದೆ ಯಾರ ಮೇಲೂ ದೋಷ ಹೊರಿಸಬಾರದೆಂದು ಮಕ್ಕಳಿಗೆ ಬೋಧಿಸುವ ನಾವು ಈ ಕೊಡುಗೆಯನ್ನಿತ್ತವರ ಕ್ಷಮೆ ಬೇಡುತ್ತೇವೆ.